ಏಳನೇ ಕ್ಲಾಸಿನ ಮಗುವಿಗೆ ಬರುವ ಆ ಪತ್ರ: ಮ್ಯಾಸಚೂಸೆಟ್ಸ್‌ನಲ್ಲಿರುವ ನಮ್ಮವರಿಗೆ

ಹೋದ ಆಗಸ್ಟ್‌ನಲ್ಲಿ ನಾವು ಸಾಗರದ ಹತ್ತಿರ ತವರುಮನೆಯಲ್ಲಿದ್ದೆವು. ಹೊರಗೆ ಬಿಡದೆ ಮಳೆ. ಜಗಲಿಯಲ್ಲಿ ಕೂತಿದ್ದಾಗ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿರುವ ಮಗನ ಶಾಲೆಯಿಂದ ಮೇಲ್ ಬಂತು. ಈ ವರ್ಷ ಏಳನೇ ತರಗತಿಯ ಪ್ರತಿ ಮಗುವಿನ ಜೊತೆ ಶಾಲೆಯ ನರ್ಸ್ ಕುಡಿತ, ಗಾಂಜಾ, ವೇಪಿಂಗ್ (ಇ-ಸಿಗರೇಟ್ ಸೇದುವುದು) ಬಗ್ಗೆ ಮಾತಾಡುತ್ತಾರೆ, ಬೇಡವಾದರೆ ಬರೆದು ತಿಳಿಸಿ ಅಂತ ಇತ್ತು. ಗಟ್ಟಿಯಾಗಿ ಓದಿದೆ. ಅಮ್ಮ ಒಳಗಿನಿಂದ ಬಂದು, "ಎಂತ ಮಾಡಿದ್ನೇ ಹುಡುಗ?" ಅಂದರು.

ನನಗೂ ಅದೇ ಭಯ. ನಮ್ಮ ಕಡೆ ಶಾಲೆಯಿಂದ ಕರೆ ಬಂದರೆ ಮಗು ಏನೋ ತಪ್ಪು ಮಾಡಿದೆ ಅಂತಲೇ ಅರ್ಥ, ಅಲ್ವಾ? ಇದು ಹಾಗಲ್ಲ. ಯಾರ ಮೇಲೂ ಅನುಮಾನ ಇಟ್ಟು ಕರೆಯುವುದಿಲ್ಲ. ಕಣ್ಣು, ಕಿವಿ ಪರೀಕ್ಷೆ ಮಾಡುವ ಹಾಗೆ ಇಡೀ ತರಗತಿಗೆ ಮಾಡುತ್ತಾರೆ. ಹೆಸರು ಎಸ್‌ಬರ್ಟ್ (SBIRT), ಅಂದರೆ ಕೇಳಿ ತಿಳಿದು, ನಾಲ್ಕು ಮಾತು ಹೇಳಿ, ಬೇಕಾದರೆ ಮುಂದೆ ಕಳಿಸುವ ಕ್ರಮ. 2016ರ ಮಾರ್ಚ್‌ನಲ್ಲಿ ಬಂದ ರಾಜ್ಯದ ಕಾನೂನಿನ ಪ್ರಕಾರ ಸರ್ಕಾರಿ ಶಾಲೆಗಳು ಎರಡು ತರಗತಿಗಳಲ್ಲಿ ಇದನ್ನು ನಡೆಸುತ್ತವೆ. ಜಾಸ್ತಿ ಕಡೆ ಅದು 7 ಮತ್ತು 9. ಬೇರೆ ರಾಜ್ಯದಲ್ಲಿದ್ದರೆ ನಿಮ್ಮ ಶಾಲೆಯನ್ನೇ ಕೇಳಿ.

ರಕ್ತ, ಮೂತ್ರ ಏನೂ ತೆಗೆಯುವುದಿಲ್ಲ. ಬರೀ ಮಾತು. ಬಾಗಿಲು ಹಾಕಿದ ಕೋಣೆಯಲ್ಲಿ ಕೆಲವೇ ನಿಮಿಷ. ಕೇಳುವ ಪ್ರಶ್ನೆಗಳ ಹೆಸರು ಕ್ರಾಫ್ಟ್, ಬಾಸ್ಟನ್‌ನ ಮಕ್ಕಳ ಆಸ್ಪತ್ರೆಯಲ್ಲಿ ತಯಾರಾದದ್ದು. ಒಂದು ವರ್ಷದಲ್ಲಿ ಕುಡಿದದ್ದು, ಸೇದಿದ್ದು ಉಂಟಾ? ಒಬ್ಬನೇ ಇದ್ದಾಗ ತಗೊಳ್ತೀಯಾ? ಅದರ ಮತ್ತಿನಲ್ಲಿ ಮಾಡಿದ್ದು ಮರೆತುಹೋಗಿದೆಯಾ? ಏನೂ ಇಲ್ಲ ಅಂದ ಮಗುವಿಗೆ ಒಂದು ಒಳ್ಳೆಯ ಮಾತು ಹೇಳಿ ಕಳಿಸುತ್ತಾರೆ. ಇದೆ ಅಂದರೆ ಬೈಯುವುದಿಲ್ಲ. ಅದರಿಂದ ನಿನಗೇನು ಇಷ್ಟ, ಏನು ಕಷ್ಟ ಅಂತ ಕೇಳಿ, ಕಡಿಮೆ ಮಾಡುವ ದಾರಿಯನ್ನು ಮಗುವಿನ ಬಾಯಲ್ಲೇ ಹೇಳಿಸುತ್ತಾರೆ. ಬೇಕಾದರೆ ಆಪ್ತ ಸಮಾಲೋಚಕರ ಹತ್ತಿರ ಕಳಿಸುತ್ತಾರೆ.

ಒಂದು ಪ್ರಶ್ನೆ ಮಾತ್ರ ನಮ್ಮನ್ನೇ ಮುಟ್ಟುತ್ತದೆ. ಕುಡಿದವರು ಓಡಿಸಿದ ಕಾರಿನಲ್ಲಿ ಕೂತಿದ್ದೀಯಾ ಅಂತ ಎಲ್ಲ ಮಕ್ಕಳನ್ನೂ ಕೇಳುತ್ತಾರೆ. ಯುಗಾದಿ ಊಟಕ್ಕೆ ಸ್ನೇಹಿತರ ಮನೆಗೆ ಹೋಗಿ, ಎರಡು ಪೆಗ್ ಹಾಕಿ, ಹಿಂದಿನ ಸೀಟಿನಲ್ಲಿ ಮಗುವನ್ನು ಕೂರಿಸಿಕೊಂಡು ಬರುವವರನ್ನು ನಾನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಆ ದಿನ ಕೀ ಬೇರೆಯವರ ಕೈಗೆ ಕೊಡಿ.

ಎಲ್ಲರೂ ನನ್ನನ್ನು ಕೇಳುವುದು, ಇದು ದಾಖಲೆಯಲ್ಲಿ ಉಳಿದು ಕಾಲೇಜಿಗೆ, ವೀಸಾಕ್ಕೆ ತೊಂದರೆ ಆಗುತ್ತಾ ಅಂತ. ಮಗುವಿನ ಗುರುತು ಸಿಗುವ ಹಾಗೆ ಉತ್ತರಗಳನ್ನು ಬರೆದಿಡಲು ಕಾನೂನು ಬಿಡುವುದಿಲ್ಲ. ರಾಜ್ಯದ ಆರೋಗ್ಯ ಇಲಾಖೆಗೆ ಹೋಗುವುದು ಹೆಸರಿಲ್ಲದ ಲೆಕ್ಕ ಮಾತ್ರ. ಮಗು ಹೇಳಿದ್ದನ್ನು ಲಿಖಿತ ಒಪ್ಪಿಗೆ ಇಲ್ಲದೆ ಇನ್ನೊಬ್ಬರಿಗೆ ಹೇಳುವಂತಿಲ್ಲ. ಜೀವಕ್ಕೆ ಅಪಾಯ ಇದ್ದಾಗ, ಅಥವಾ ಬೇರೆ ಕಾನೂನು ಹೇಳಲೇಬೇಕು ಅಂದಾಗ ಮಾತ್ರ ವಿನಾಯಿತಿ. ಹಾಗಾಗಿ ಸಂಜೆ ಮಗುವನ್ನು ಕೂರಿಸಿಕೊಂಡು "ಏನು ಹೇಳಿದೆ?" ಅಂತ ಕೆದಕಬೇಡಿ.

ಬೇಡ ಅಂತ ಬರೆದುಕೊಡುವ ಹಕ್ಕು ನಿಮಗಿದೆ, ಮಗುವಿಗೂ ಇದೆ. ಆದರೂ ಮರ್ಯಾದೆಗೆ ಹೆದರಿ ಸುಮ್ನೆ ಬರೆದುಕೊಡಬೇಡಿ. ನಮ್ಮಲ್ಲಿ ಎಷ್ಟೋ ಮಕ್ಕಳಿಗೆ ಈ ವಿಷಯ ಬಿಚ್ಚಿ ಮಾತಾಡಲು ಮನೆಯಲ್ಲಿ ಯಾರೂ ಇರುವುದಿಲ್ಲ.

ಮೊದಲು ಮನೆಯಲ್ಲೇ ಮಾತು ತೆಗೆಯಿರಿ. ನಮ್ಮ ಮನೆಯಲ್ಲಿ ಅದು ಕವಳದಿಂದ ಶುರುವಾಯಿತು. ಅಪ್ಪ ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುವುದನ್ನು ನೋಡಿ ಮಗ, "ಅಜ್ಜ, ಇದೂ ಟೊಬ್ಯಾಕೋನೇ ತಾನೆ?" ಅಂದ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹೌದು ಮಗಾ. ಹದಿನೈದು ವರ್ಷಕ್ಕೆ ಶುರು ಮಾಡಿದ್ದು, ಬಿಡಲಿಕ್ಕೆ ಆಗ್ಲಿಲ್ಲ" ಅಂದರು. ಆ ಸಂಜೆ ಮಳೆ ನಿಲ್ಲುವವರೆಗೂ ಇಬ್ಬರೂ ಮಾತಾಡುತ್ತಲೇ ಇದ್ದರು. ನಾನು ಶಾಲೆಗೆ ಬೇಡ ಅಂತ ಬರೆಯಲಿಲ್ಲ.