ಉಂಬಳಕ್ಕೆ ಕೋಲಿನ ತುದಿಯ ಉಪ್ಪಿನ ಗಂಟು

ಮಳೆಗಾಲದಲ್ಲಿ ಗುಡ್ಡ ಹತ್ತುವವರು ಒಂದು ಹಿಡಿ ಹರಳುಪ್ಪನ್ನು ಹಳೇ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ, ಊರುಗೋಲಿನ ಕೆಳತುದಿಯಿಂದ ಒಂದು ಗೇಣು ಮೇಲೆ ಬಿಗಿದುಕೊಳ್ಳಿ. ಶೂ ಮೇಲೆ ಉಂಬಳ (ಕಾಡಿನ ಜಿಗಣೆ) ಹತ್ತುವುದು ಕಂಡರೆ ಗಂಟು ಒತ್ತಿದರೆ ಸಾಕು, ಬಗ್ಗುವ ಕೆಲಸವಿಲ್ಲ. ಉಪ್ಪು ಅದರ ಮೈಯ ನೀರು ಹೀರುತ್ತದೆ, ಅದು ಮುದುಡಿ ಉದುರುತ್ತದೆ. ಗೋಕರ್ಣದ ಹತ್ತಿರದ ಸಾಣಿಕಟ್ಟಾದ ದಪ್ಪ ಹರಳೇ ಒಳ್ಳೆಯದು, ಪುಡಿ ಉಪ್ಪು ಬೇಗ ಕರಗುತ್ತದೆ. ನನ್ನಂತೆ ಚೀಲದಲ್ಲಿ ಪುಸ್ತಕ ಇಟ್ಟುಕೊಂಡು ಹೋಗುವವರಿಗೆ ಇದು ಇನ್ನೂ ಜಾಸ್ತಿ ಬೇಕು. ಓದುತ್ತ ಸುಮ್ನೆ ಕೂತಾಗ ಅವು ಹತ್ತುವುದು ಇನ್ನೂ ಸುಲಭ ಅಲ್ವಾ? ಯಾಣದಂಥ ಕಡೆ ತರಗೆಲೆ ಬಿಟ್ಟು ಬರಿ ಬಂಡೆ ನೋಡಿ ಕೂರಿ. ಕೂರುವ ಮೊದಲು ಸಾಕ್ಸಿನ ಅಂಚಿಗೆಲ್ಲ ಗಂಟು ಸವರಿ, ಎರಡು ಪುಟಕ್ಕೊಮ್ಮೆ ಕಾಲು ನೋಡಿಕೊಳ್ಳಿ. ಜಡಿಮಳೆಯಲ್ಲಿ, ಹಳ್ಳ ದಾಟುವಾಗ ಇದು ನಡೆಯುವುದಿಲ್ಲ, ಉಪ್ಪೆಲ್ಲ ತೊಳೆದು ಹೋಗುತ್ತದೆ. ಆಗಲೇ ಕಚ್ಚಿಕೊಂಡಿದ್ದರೆ ಉಪ್ಪು ಹಾಕಬೇಡಿ, ಹೀರಿದ್ದನ್ನು ಗಾಯದೊಳಗೇ ಕಾರಬಹುದು. ಅದರ ಬಾಯಿಯ ಪಕ್ಕದಿಂದ ಉಗುರು ತೂರಿಸಿ ಬಿಡಿಸಿ, ತೊಳೆದು, ಬಟ್ಟೆಯಿಂದ ಒತ್ತಿ ಹಿಡಿಯಿರಿ. ರಕ್ತ ಕೂಡಲೇ ನಿಲ್ಲದಿದ್ದರೆ ಗಾಬರಿ ಬೇಡ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಉಂಬಳದ ಎಂಜಲಿನಲ್ಲೇ ಇದೆ.