ಎಣ್ಣೆ ಹೊಡೆಯುವಾಗ ಬಿದ್ದರೆ, ಬಾಟಲಿಯನ್ನೂ ತನ್ನಿ

ನಮ್ಮ ಜಮಖಂಡಿ ಕಡೆ ಕೀಟನಾಶಕಕ್ಕೆ ಎಣ್ಣೆ ಅನ್ನುತ್ತಾರೆ. 'ಎಣ್ಣಿ ಹೊಡಿಯಾಕ ಹೋಗಿ ಬಿದ್ದಾನ್ರಿ ಸಿಸ್ಟರ್' ಅಂತ ಕರೆತರುತ್ತಾರೆ. ನಾನು ಮೊದಲು ಕೇಳುವುದು, 'ಬಾಟಲಿ ಎಲ್ಲೈತಿ?' ಅದು ಹೊಲದ ಬದುವಿನಲ್ಲೇ ಉಳಿದಿರುತ್ತದೆ! ಚೀಲದಲ್ಲಿ ಹಾಕಿ ತನ್ನಿ, ಇಲ್ಲವೇ ಲೇಬಲ್ಲಿನ ಫೋಟೋ ತೆಗೆಯಿರಿ. ಕ್ಲೋರ್‌ಪೈರಿಫಾಸ್ ಅನ್ನುವ ಕೀಟನಾಶಕ ಆದರೆ ಅಟ್ರೋಪಿನ್ ಅನ್ನುವ ಪ್ರತಿವಿಷ ಇದೆ. ಕಳೆಗೆ ಹೊಡೆಯುವ ಪ್ಯಾರಾಕ್ವಾಟ್ ಆದರೆ ಅದಕ್ಕೆ ಪ್ರತಿವಿಷವೇ ಇಲ್ಲ, ಆಕ್ಸಿಜನ್ ಕೊಡಲೂ ಯೋಚಿಸಬೇಕು.

ದ್ರಾಕ್ಷಿ ತೋಟದಲ್ಲಿ ಬಿದ್ದವನನ್ನು ಎಷ್ಟೋ ಸಲ ಬಿಸಿಲು ಬಡಿದಿದೆ ಅಂದುಕೊಳ್ಳುತ್ತಾರೆ. ಕಣ್ಣು ನೋಡಿ. ಪಾಪೆ ಸೂಜಿಮೊನೆಯಷ್ಟಾಗಿ, ಬಾಯಲ್ಲಿ ಜೊಲ್ಲು, ಮೈತುಂಬ ಬೆವರು, ವಾಂತಿ, ಮಾಂಸಖಂಡ ಅದುರುತ್ತಿದ್ದರೆ ಅದು ವಿಷವೇ. 108ಕ್ಕೆ ಫೋನ್ ಮಾಡಿ.

ಗಾಡಿ ಬರುವಷ್ಟರಲ್ಲಿ ಬಟ್ಟೆ ಬಿಚ್ಚಿ. ಒಬ್ಬ ಹುಡುಗನನ್ನು ಎರಡು ತಾಸಿನ ಮೇಲೆ ತಂದಿದ್ದರು, ಅಂಗಿ ಎಣ್ಣೆಯಲ್ಲಿ ತೊಯ್ದು ಮೈಗೆ ಅಂಟಿತ್ತು. ಅಷ್ಟು ಹೊತ್ತೂ ಚರ್ಮದಿಂದ ವಿಷ ಒಳಗೆ ಹೋಗುತ್ತಲೇ ಇತ್ತು. ಅವಸರದಲ್ಲಿ ನಾನು ಗ್ಲೌಸ್ ಹಾಕದೆ ಅಂಗಿ ಕತ್ತರಿಸಿದೆ. ಸಂಜೆ ನನಗೇ ತಲೆ ಸುತ್ತಿತು. ನೀವು ಆ ತಪ್ಪು ಮಾಡಬೇಡಿ, ಕೈಗೆ ಪ್ಲಾಸ್ಟಿಕ್ ಚೀಲವಾದರೂ ಕಟ್ಟಿಕೊಳ್ಳಿ. ಸೋಪು ಹಚ್ಚಿ ಕೂದಲು, ಕಿವಿಯ ಹಿಂದೆ, ಉಗುರುಸಂದಿ ಎಲ್ಲಾ ತೊಳೆಯಿರಿ. ಚರ್ಮದ ಬೆಲ್ಟು, ಚಪ್ಪಲಿ ತೊಳೆದರೂ ಬಳಸಬೇಡಿ.

ವಿಷ ಕುಡಿದಿದ್ದರೆ ಕುಡಿದಿದ್ದಾನೆ ಅಂತಲೇ ಹೇಳಿ, ಮುಚ್ಚಿಡಬೇಡಿ. ಬಯ್ಯುವುದೂ ಬೇಡ. ಉಪ್ಪುನೀರು, ಸಗಣಿನೀರು ಕುಡಿಸಿ ವಾಂತಿ ಮಾಡಿಸಬೇಡಿ. ಈ ಔಷಧಗಳಲ್ಲಿ ಸೀಮೆಎಣ್ಣೆಯಂಥ ದ್ರಾವಕ ಇರುತ್ತದೆ, ವಾಂತಿ ಶ್ವಾಸಕೋಶಕ್ಕೆ ಇಳಿದರೆ ಇನ್ನೊಂದು ಕಷ್ಟ. ಎಚ್ಚರ ಇಲ್ಲದಿದ್ದರೆ ಎಡಮಗ್ಗುಲಿಗೆ ಮಲಗಿಸಿ, ಬಾಯಿ ಒರೆಸುತ್ತಿರಿ.

ಆಸ್ಪತ್ರೆಯಲ್ಲಿ ಅಟ್ರೋಪಿನ್ ಶುರು ಮಾಡಿ, ಎದೆಯ ಗೊರಗೊರ ನಿಲ್ಲುವವರೆಗೆ ಐದೈದು ನಿಮಿಷಕ್ಕೆ ದುಪ್ಪಟ್ಟು ಮಾಡುತ್ತಾ ಹೋಗುತ್ತೇವೆ. ಡೋಸ್ ಜಾಸ್ತಿಯಾದರೆ ರೋಗಿ ಬಡಬಡಿಸುತ್ತಾನೆ, ಹೊದಿಕೆ ಎಳೆದಾಡುತ್ತಾನೆ. ಹೆದರಬೇಡಿ, ನಮಗೆ ಹೇಳಿ.

ಮರುದಿನ ಎದ್ದು ಮಾತಾಡಿದನೋ, ಮನೆಯವರ ಜಗಳ ಶುರು: 'ಆರಾಮ ಅದಾನಲ್ರಿ, ಕಳಸ್ರಿ.' ಕಳಿಸುವುದಿಲ್ಲ. ಒಂದರಿಂದ ನಾಲ್ಕು ದಿನದೊಳಗೆ ಕುತ್ತಿಗೆ ಸೋತು, ಆಮೇಲೆ ಉಸಿರೂ ಸೋಲಬಹುದು. ಪಕ್ಕದಲ್ಲಿ ಕೂತವರು ಸುಮ್ನೆ ಮೊಬೈಲ್ ನೋಡುವ ಬದಲು, ಆಗಾಗ ದಿಂಬಿನಿಂದ ತಲೆ ಎತ್ತಲು ಹೇಳಿ. ಎತ್ತಲಾಗದಿದ್ದರೆ ಓಡಿ ಬಂದು ನಮ್ಮನ್ನು ಕರೆಯಿರಿ.