ಪವರ್ ಬಿಐ ಲಾಗಿನ್ ಆಗ್ತಿಲ್ವಾ? ಎರರ್ ನಂಬರ್ ನೋಡಿ

ಬೆಳಗಾವಿಯ ಉದ್ಯಮಬಾಗದಲ್ಲಿ ರಿಪೋರ್ಟ್ ಕೆಲಸ ಮಾಡುವವರಿಗೆ ಒಂದು ಮಾತು. ರಿಪೋರ್ಟ್ ತಯಾರಿಸುವ ಸಾಫ್ಟ್‌ವೇರ್ ಪವರ್ ಬಿಐನಿಂದ ಮೈಕ್ರೋಸಾಫ್ಟ್‌ನ ಕ್ಲೌಡ್ ಡೇಟಾಬೇಸ್ ಆದ ಅಜೂರ್ ಎಸ್‌ಕ್ಯೂಎಲ್‌ಗೆ ಲಾಗಿನ್ ಆಗದಿದ್ದರೆ ಸುಮ್ನೆ ಪಾಸ್‌ವರ್ಡ್ ಬದಲಿಸುತ್ತಾ ಕೂರಬೇಡಿ. ಎರರ್ 40615 ಬಂದಿದ್ದರೆ ಫೈರ್‌ವಾಲ್ (ಗೊತ್ತಿಲ್ಲದ ಐಪಿಗಳನ್ನು ಹೊರಗಿಡುವ ಸರ್ವರ್‌ನ ಕಾವಲು) ತಡೆದಿದೆ, ಪಾಸ್‌ವರ್ಡ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ಆ ಮೆಸೇಜ್‌ನಲ್ಲೇ ನಿಮ್ಮ ಐಪಿ ವಿಳಾಸ ಇರುತ್ತದೆ. ಅದನ್ನು ಅಡ್ಮಿನ್‌ಗೆ ಕಳಿಸಿ. ಅವರು ಅದನ್ನು ಫೈರ್‌ವಾಲ್‌ಗೆ ಸೇರಿಸಿದ ಮೇಲೂ 5 ನಿಮಿಷದವರೆಗೆ ಕಾಯಬೇಕಾಗಬಹುದು. ಕರೆಂಟ್ ಹೋಗಿ ಮೊಬೈಲ್ ಹಾಟ್‌ಸ್ಪಾಟ್‌ಗೆ ಬಂದಿರೋ, ಐಪಿ ಬದಲಾಗಿ ಮತ್ತೆ ಅದೇ ಗೋಳು!

18456 ಬಂದರೆ ಯೂಸರ್ ನೇಮ್, ಪಾಸ್‌ವರ್ಡ್ ನೋಡಿ. ಹಳೆಯ ಪಾಸ್‌ವರ್ಡ್ ಪವರ್ ಬಿಐ ಒಳಗೇ ಉಳಿದಿರಬಹುದು. ಫೈಲ್ ಮೆನುವಿನಿಂದ ‘ಡೇಟಾ ಸೋರ್ಸ್ ಸೆಟ್ಟಿಂಗ್ಸ್’ಗೆ ಹೋಗಿ ‘ಕ್ಲಿಯರ್ ಪರ್ಮಿಷನ್ಸ್’ ಒತ್ತಿ. ಮತ್ತೆ ಲಾಗಿನ್ ಕೇಳಿದಾಗ ಎಡಗಡೆ ‘ವಿಂಡೋಸ್’ ಬಿಟ್ಟು ‘ಡೇಟಾಬೇಸ್’ ಆರಿಸಿ. ಇದು ಯಾರ ಕಣ್ಣಿಗೂ ಬೀಳುವುದೇ ಇಲ್ಲ ಅಲ್ವಾ? ಪಬ್ಲಿಷ್ ಮಾಡಿದ ಮೇಲೆ ಆನ್‌ಲೈನ್‌ನಲ್ಲೂ ಪಾಸ್‌ವರ್ಡ್ ಬೇರೆಯಾಗಿ ಕೊಡಬೇಕು.